ಹಾಸಿಗೆ ಒದ್ದೆಯಾಯ್ತಾ? ಬೈಯಬೇಡಿ

ಆರು ವರ್ಷದ ಮಗು ಬೆಳಿಗ್ಗೆ ಎದ್ದು, ಒದ್ದೆ ಚಡ್ಡಿಯನ್ನ ಮಂಚದ ಕೆಳಗೆ ತುರುಕಿ ಸುಮ್ಮನೆ ಕೂತಿದೆಯಾ? ಬೈಗುಳ ಕಾದಿದೆ ಅಂತ ಅದಕ್ಕೆ ಗೊತ್ತು.

ಆದರೆ ನಿದ್ದೆಯಲ್ಲಿ ಹಾಸಿಗೆ ಒದ್ದೆಯಾಗೋದು ಸೋಮಾರಿತನ ಅಲ್ಲ, ಹಟವೂ ಅಲ್ಲ. ರಾತ್ರಿ ಮೂತ್ರ ಕಮ್ಮಿ ಆಗೋಕೆ ವಾಸೊಪ್ರೆಸಿನ್ ಅನ್ನೋ ಹಾರ್ಮೋನ್ ಬೇಕು. ಕೆಲವು ಮಕ್ಕಳಲ್ಲಿ ಅದು ಸಾಕಷ್ಟು ಬರಲ್ಲ. ಮೂತ್ರಚೀಲ ತುಂಬುತ್ತೆ, ಗಾಢ ನಿದ್ದೆಯಲ್ಲಿ ಎಚ್ಚರವೇ ಆಗಲ್ಲ. ಅಪ್ಪನಿಗೋ ಅಮ್ಮನಿಗೋ ಚಿಕ್ಕಂದಿನಲ್ಲಿ ಹೀಗಿದ್ದರೆ ಮಗುವಿಗೂ ಬರೋ ಸಾಧ್ಯತೆ ಹೆಚ್ಚು. ಅಜ್ಜಿಯನ್ನ ಕೇಳಿ ನೋಡಿ, ನಿಜ ಹೊರಬೀಳುತ್ತೆ!

ಹಾಗಾದ್ರೆ ಏನು ಮಾಡೋದು? ನೀರು ಹಗಲಲ್ಲಿ ಧಾರಾಳವಾಗಿ ಕುಡೀಲಿ, ಸಂಜೆ ಮೇಲೆ ಕಮ್ಮಿ. ಟೀ, ಕೋಲಾ ಬೇಡವೇ ಬೇಡ. ಮಲಗೋ ಮುಂಚೆ ಒಂದಕ್ಕೆ ಹೋಗಿ ಬರಲಿ.

ತುಂಬಾ ಜನ ಗಮನಿಸದ ಕಾರಣ ಒಂದಿದೆ: ಮಲಬದ್ಧತೆ. ಗಟ್ಟಿ ಮಲ ತುಂಬಿದ ಕರುಳು ಮೂತ್ರಚೀಲವನ್ನ ಒತ್ತುತ್ತೆ. ಹೊಟ್ಟೆ ಸಲೀಸಾದರೆ ಎಷ್ಟೋ ಮಕ್ಕಳಿಗೆ ಈ ತೊಂದರೆಯೂ ತಗ್ಗುತ್ತೆ.

ಏಳು ವರ್ಷ ದಾಟಿದ ಮೇಲೂ ನಿಲ್ಲದಿದ್ರೆ, ಒದ್ದೆಯಾದ ಕೂಡಲೇ ಸದ್ದು ಮಾಡೋ ಅಲಾರಂ ಇದೆ. ಅದು ಫಲ ಕೊಡೋಕೆ ಎರಡು ಮೂರು ತಿಂಗಳು ತಾಳ್ಮೆ ಬೇಕು, ಮನೆಮಂದಿಯ ನಿದ್ದೆಯೂ ಕೆಡುತ್ತೆ.

ಆರು ತಿಂಗಳು ಒಣಗಿದ್ದ ಹಾಸಿಗೆ ಮತ್ತೆ ಒದ್ದೆಯಾಗ್ತಿದ್ರೆ, ಉರಿಮೂತ್ರ ಅಥವಾ ವಿಪರೀತ ಬಾಯಾರಿಕೆ ಇದ್ರೆ, ತಡಮಾಡದೆ ಮಕ್ಕಳ ಡಾಕ್ಟರಿಗೆ ತೋರಿಸಿ.