ನಿಮಗಿದು ಗೊತ್ತೇ? ಮಾರ್ಕ್ಸ್ ಕಾರ್ಡಿನಲ್ಲಿ ಸಿಗದ ಮೇಷ್ಟ್ರು

● ಕುದುರೆ ಬಿಚ್ಚಿ ಮೇಷ್ಟ್ರ ಗಾಡಿಯನ್ನು ಹುಡುಗರೇ ಎಳೆದದ್ದು ನಮ್ಮ ಮೈಸೂರಿನಲ್ಲಿ. 1921ರಲ್ಲಿ ಮಹಾರಾಜ ಕಾಲೇಜಿನ ತತ್ತ್ವಶಾಸ್ತ್ರದ ಪ್ರಾಧ್ಯಾಪಕ ಎಸ್. ರಾಧಾಕೃಷ್ಣನ್ ಕಲ್ಕತ್ತಾ ವಿಶ್ವವಿದ್ಯಾಲಯಕ್ಕೆ ಹೊರಟು ನಿಂತಾಗ ವಿದ್ಯಾರ್ಥಿಗಳು ಸಿಂಗರಿಸಿದ ಸಾರೋಟನ್ನು ರೈಲು ನಿಲ್ದಾಣದವರೆಗೆ ಎಳೆದುಕೊಂಡು ಹೋದರು. ಅವರು ಮೈಸೂರಿನಲ್ಲಿ ಪಾಠ ಹೇಳಿದ್ದು ಬರೀ ಮೂರು ವರ್ಷ. ಅವರ ಹುಟ್ಟುಹಬ್ಬ ಸೆಪ್ಟೆಂಬರ್ 5 ಶಿಕ್ಷಕರ ದಿನವಾದದ್ದು 1962ರಲ್ಲಿ, ರಾಷ್ಟ್ರಪತಿಯಾದ ಮೇಲೆ. ಗಾಡಿ ಎಳೆದ ಹುಡುಗರಿಗೆ ಅದೆಲ್ಲ ಎಲ್ಲಿ ಗೊತ್ತಿತ್ತು? ರಾಷ್ಟ್ರಪತಿ ಭವನಕ್ಕೆ ಇನ್ನೂ ನಲವತ್ತು ವರ್ಷ ಬಾಕಿ ಇತ್ತು.

● ಅದೇ ಕಾಲೇಜಿನ ಇನ್ನೊಂದು ಕತೆ. ಕುವೆಂಪು ಮೊದಮೊದಲು ಕವಿತೆ ಬರೆಯುತ್ತಿದ್ದುದು ಇಂಗ್ಲಿಷಿನಲ್ಲಿ. 1922ರಲ್ಲಿ ‘ಬಿಗಿನರ್ಸ್ ಮ್ಯೂಸ್’ ಎಂಬ ಪುಸ್ತಿಕೆಯೂ ಅಚ್ಚಾಗಿತ್ತು. ಮೈಸೂರಿಗೆ ಬಂದಿದ್ದ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಹುಡುಗನ ಪದ್ಯಗಳನ್ನು ನೋಡಿ, ನಿಮ್ಮ ಭಾಷೆಯಲ್ಲಿ ಏನಾದರೂ ಬರೆದಿದ್ದೀರಾ ಎಂದು ಕೇಳಿದರು. ಹೊಗಳಿಕೆ ಬಯಸಿ ಹೋದವನಿಗೆ ನಿರಾಸೆಯಾಯಿತು. ಕಸಿನ್ಸ್ ಕೇಳಿ ಹೋದರು. ಆಮೇಲಿನ ಕೆಲಸವೆಲ್ಲ ಟಿ.ಎಸ್. ವೆಂಕಣ್ಣಯ್ಯನವರದು. ತತ್ತ್ವಶಾಸ್ತ್ರದ ಕಡೆಗೆ ವಾಲಿದ್ದ ಶಿಷ್ಯನನ್ನು ಆಗಷ್ಟೇ ಶುರುವಾಗಿದ್ದ ಕನ್ನಡ ಎಂ.ಎ. ತರಗತಿಗೆ ಸೇರುವಂತೆ ಒಪ್ಪಿಸಿದವರು ಅವರೇ. ‘ಶ್ರೀ ರಾಮಾಯಣ ದರ್ಶನಂ’ 1949ರಲ್ಲಿ ಹೊರಬಂದಾಗ ವೆಂಕಣ್ಣಯ್ಯನವರು ತೀರಿಕೊಂಡು ಹತ್ತು ವರ್ಷವಾಗಿತ್ತು. ಆದರೂ ಮಹಾಕಾವ್ಯ ಅರ್ಪಿತವಾದದ್ದು ಅವರಿಗೇ. ಮುಂದೆ ಕುವೆಂಪು ಮೇಷ್ಟ್ರಾದಾಗ ಅವರ ತರಗತಿಯಲ್ಲಿ ಕೂತವರಲ್ಲೊಬ್ಬರು ಜಿ.ಎಸ್. ಶಿವರುದ್ರಪ್ಪ. ಗುರುವಿಗೆ ಬಂದ ರಾಷ್ಟ್ರಕವಿ ಗೌರವ 2006ರಲ್ಲಿ ಶಿಷ್ಯನಿಗೂ ಬಂತು. ವೆಂಕಣ್ಣಯ್ಯನವರು ತಾವಾಗಿ ಬರೆದದ್ದು ಕಡಿಮೆ. ಅವರ ಪುಸ್ತಕ ಓದದವರಿಗೂ ಅವರ ಹೆಸರು ಗೊತ್ತು, ಶಿಷ್ಯನ ಪುಸ್ತಕದ ದೆಸೆಯಿಂದ.

● ಗಣಿತದ ದೊರೆ ಗೌಸ್‌ಗೆ ಚಿಕ್ಕಂದಿನಲ್ಲಿ ಲೆಕ್ಕ ಕಲಿಸಿದ ಸಹಾಯಕ ಮೇಷ್ಟ್ರು ಮಾರ್ಟಿನ್ ಬಾರ್ಟೆಲ್ಸ್. ಇದೇ ಬಾರ್ಟೆಲ್ಸ್ ಮುಂದೆ ರಷ್ಯಾದ ಕಜಾನ್‌ಗೆ ಹೋಗಿ ಪಾಠ ಹೇಳಿದ್ದು ಯಾರಿಗೆ? ಯೂಕ್ಲಿಡ್ ಹಾಕಿದ ಗೆರೆ ದಾಟಿ ಬೇರೆಯೇ ಜ್ಯಾಮಿತಿ ಕಟ್ಟಿದ ಲೊಬಾಚೆವ್ಸ್ಕಿಗೆ! ಇಬ್ಬರ ಹೆಸರೂ ಪಠ್ಯಪುಸ್ತಕದಲ್ಲಿದೆ, ಮೇಷ್ಟ್ರದಿಲ್ಲ.

● ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ 1942ರಲ್ಲಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲೆಂದು ಬಂದ ಜಿ.ಎನ್. ರಾಮಚಂದ್ರನ್ ಆ ವಿಭಾಗದಲ್ಲಿ ಬಹಳ ದಿನ ಉಳಿಯಲಿಲ್ಲ. ಅವರನ್ನು ಸಿ.ವಿ. ರಾಮನ್ ಭೌತವಿಜ್ಞಾನಕ್ಕೆ ಎಳೆದುಕೊಂಡರು. ಈ ಹುಡುಗ ನಿಮ್ಮ ವಿಭಾಗಕ್ಕೆ ಸ್ವಲ್ಪ ಹೆಚ್ಚೇ ಬುದ್ಧಿವಂತ ಎಂದು ಎಲೆಕ್ಟ್ರಿಕಲ್‌ನವರಿಗೆ ಹೇಳಿದರಂತೆ. (ರಾಮನ್ ಅವರ ಮಾತಿನ ಖಾರ ಬಲ್ಲವರು ಇದನ್ನು ಸುಲಭವಾಗಿ ನಂಬುತ್ತಾರೆ.) ಕೊಲಾಜೆನ್ ಎಂಬ ಪ್ರೋಟೀನಿನಲ್ಲಿ ಮೂರು ಎಳೆಗಳು ಹೆಣೆದುಕೊಂಡಿರುವ ರಚನೆಯನ್ನು 1954ರಲ್ಲಿ ತೋರಿಸಿದವರು ಇದೇ ರಾಮಚಂದ್ರನ್. 1963ರಲ್ಲಿ ಅವರು ಕೊಟ್ಟ ‘ರಾಮಚಂದ್ರನ್ ಪ್ಲಾಟ್’ ಇಲ್ಲದೆ ಪ್ರೋಟೀನ್ ಪಾಠ ಇವತ್ತಿಗೂ ಮುಗಿಯುವುದಿಲ್ಲ.

● ನೊಬೆಲ್ ಪ್ರಶಸ್ತಿ ಬಂದರೆ ಮೊದಲು ಯಾರು ನೆನಪಾಗಬಹುದು? ಆಲ್ಬರ್ಟ್ ಕಮೂಗೆ ಮೊದಲು ತಾಯಿ, ಆಮೇಲೆ ಪ್ರೈಮರಿ ಶಾಲೆಯ ಮೇಷ್ಟ್ರು. ಅಲ್ಜೀರಿಯಾದ ರಾಜಧಾನಿ ಅಲ್ಜಿಯರ್ಸ್‌ನ ಬಡವರ ಬೀದಿಯಲ್ಲಿ ಬೆಳೆದವನು ಈತ. ತಂದೆ 1914ರಲ್ಲೇ ಯುದ್ಧದಲ್ಲಿ ಸತ್ತಿದ್ದರು. ತಾಯಿಗೆ ಓದುಬರಹ ಬಾರದು, ಕಿವಿಯೂ ಮಂದ. ಮನೆಗೆಲಸ ಮಾಡಿ ಸಂಸಾರ ತೂಗಿಸುತ್ತಿದ್ದಳು. ಮನೆಯ ಯಜಮಾನಿಕೆ ಅಜ್ಜಿಯದು. ಹುಡುಗ ಓದಿದ್ದು ಸಾಕು, ಎಲ್ಲಾದರೂ ದುಡಿಯಲಿ ಎಂಬುದು ಆಕೆಯ ತೀರ್ಮಾನ.

ಮೇಷ್ಟ್ರು ಲೂಯಿ ಜೆರ್ಮೇನ್ ಮನೆಗೇ ಬಂದರು. ಅಜ್ಜಿಯನ್ನು ಕೂರಿಸಿಕೊಂಡು ಮಾತಾಡಿ ಒಪ್ಪಿಸಿದರು. ಶಾಲೆ ಬಿಟ್ಟ ಮೇಲೆ ಸ್ಕಾಲರ್‌ಶಿಪ್ ಪರೀಕ್ಷೆಗೆ ಸ್ಪೆಷಲ್ ಕ್ಲಾಸ್ ತಗೊಂಡರು, ಒಂದು ಕಾಸೂ ಇಲ್ಲದೆ. 1924ರಲ್ಲಿ ಹುಡುಗ ಪಾಸಾಗಿ ಹೈಸ್ಕೂಲು ಮೆಟ್ಟಿಲು ಹತ್ತಿದ. ಆ ಒಂದು ಸಂಜೆ ಅಜ್ಜಿ ಜಗ್ಗದೇ ಇದ್ದಿದ್ದರೆ ‘ಅನ್ಯ’ ಎಂಬ ಕಾದಂಬರಿ ಹುಟ್ಟುತ್ತಿರಲಿಲ್ಲ ಎನ್ನುವುದು ಉತ್ಪ್ರೇಕ್ಷೆ ಎಂದು ನನಗಂತೂ ಅನ್ನಿಸುವುದಿಲ್ಲ. ನೊಬೆಲ್ ಬಂದದ್ದು 1957ರಲ್ಲಿ. ಆ ವರ್ಷದ ನವೆಂಬರ್ 19ರಂದು ಕಮೂ ಮೇಷ್ಟ್ರಿಗೆ ಪತ್ರ ಬರೆದ. ಸ್ವೀಡನ್ನಿನಲ್ಲಿ ಮಾಡಿದ ಭಾಷಣಗಳು ಪುಸ್ತಕವಾದಾಗ ಅದನ್ನೂ ಅವರಿಗೇ ಅರ್ಪಿಸಿದ. ಮೇಷ್ಟ್ರೂ ಉತ್ತರ ಬರೆದರು. ಜಗತ್ತು ಕೊಂಡಾಡುತ್ತಿದ್ದ ನಲವತ್ತೈದರ ಲೇಖಕನನ್ನು ಅದರಲ್ಲಿ ಕರೆದದ್ದು ‘ನನ್ನ ಪುಟ್ಟ’ ಎಂದೇ! 1960ರ ಜನವರಿ 4ರಂದು ಕಮೂ ಕಾರು ಅಪಘಾತದಲ್ಲಿ ಸತ್ತಾಗ ಅಲ್ಲಿ ಸಿಕ್ಕಿದ್ದು ಅರ್ಧಕ್ಕೆ ನಿಂತ ಕಾದಂಬರಿಯೊಂದರ ಹಸ್ತಪ್ರತಿ. ಅದರಲ್ಲೂ ಈ ಮೇಷ್ಟ್ರಿದ್ದಾರೆ. 1994ರಲ್ಲಿ ಮಗಳು ಅದನ್ನು ಅಚ್ಚು ಹಾಕಿಸಿದಾಗ ಇಬ್ಬರ ಪತ್ರಗಳನ್ನೂ ಕೊನೆಗೆ ಸೇರಿಸಿದಳು.

● ಹೆಲೆನ್ ಕೆಲ್ಲರ್ ಕತೆ ಎಲ್ಲರಿಗೂ ಗೊತ್ತು. ಆದರೆ ಪಾಠ ಹೇಳಲು ಬಂದ ಆ್ಯನ್ ಸಲಿವನ್‌ಗೆ ಆಗಿನ್ನೂ 20 ವರ್ಷ, ಆಕೆಯ ಕಣ್ಣೂ ಅಷ್ಟಕ್ಕಷ್ಟೇ ಎಂಬುದು? 1887ರ ಮಾರ್ಚ್ 3ಕ್ಕೆ ಬಂದವಳು ಏಪ್ರಿಲ್ 5ಕ್ಕೆ ಪಂಪಿನ ನೀರಿಗೆ ಕೈಯೊಡ್ಡಿಸಿ ಮೊದಲ ಪದವನ್ನು ಅರ್ಥ ಮಾಡಿಸಿದಳು. ಮುಂದೆ ರ್‍ಯಾಡ್‌ಕ್ಲಿಫ್ ಕಾಲೇಜಿನಲ್ಲಿ ಪಕ್ಕದಲ್ಲೇ ಕೂತು ಉಪನ್ಯಾಸಗಳನ್ನೆಲ್ಲ ಶಿಷ್ಯೆಯ ಅಂಗೈಯಲ್ಲಿ ಬೆರಳಿನಿಂದ ಅಕ್ಷರ ಅಕ್ಷರವಾಗಿ ಒತ್ತಿದಳು. 1904ರಲ್ಲಿ ಪದವಿ ಸಿಕ್ಕಿದ್ದು ಮಾತ್ರ ಒಬ್ಬಳಿಗೆ.

● ಗದಗಿನ ಕಡೆಯವರಿಗೆ ಹೇಳಬೇಕಿಲ್ಲ, ಉಳಿದವರಿಗೆ: ವೀರೇಶ್ವರ ಪುಣ್ಯಾಶ್ರಮದ ಪಂಚಾಕ್ಷರಿ ಗವಾಯಿಗಳಿಗೆ ಕಣ್ಣಿರಲಿಲ್ಲ. ಅವರ ಕೈಯಲ್ಲಿ ಬೆಳೆದು ಅವರ ನಂತರ ಆಶ್ರಮ ನಡೆಸಿದ ಪುಟ್ಟರಾಜ ಗವಾಯಿಗಳಿಗೂ ಇರಲಿಲ್ಲ. 1944ರಿಂದ 2010ರವರೆಗೆ, ಅರವತ್ತಾರು ವರ್ಷ, ಅಂಧ ಮಕ್ಕಳಿಗೆ, ದಿಕ್ಕಿಲ್ಲದ ಮಕ್ಕಳಿಗೆ ಅನ್ನ ಹಾಕಿ ಸ್ವರ ಕಲಿಸಿದರು. ಬಸವರಾಜ ರಾಜಗುರು ಮೊದಲನೆಯವರ ಶಿಷ್ಯರು, ಎಂ. ವೆಂಕಟೇಶಕುಮಾರ್ ಎರಡನೆಯವರ ಬಳಿ ಹನ್ನೆರಡು ವರ್ಷ ಇದ್ದವರು. ಇದನ್ನು ಸಂಗೀತ ಶಾಲೆ ಎನ್ನಬೇಕೋ ಮನೆ ಎನ್ನಬೇಕೋ, ಅಲ್ಲಿ ಉಂಡವರೇ ಹೇಳಬೇಕು.

● ಅಲ್ಲೇ ಹತ್ತಿರದ ಕುಂದಗೋಳದಲ್ಲಿ ಸವಾಯಿ ಗಂಧರ್ವರು. ಗಂಗೂಬಾಯಿ ಹಾನಗಲ್ ಹುಬ್ಬಳ್ಳಿಯಿಂದ ರೈಲು ಹತ್ತಿ ಅವರಲ್ಲಿಗೆ ಪಾಠಕ್ಕೆ ಹೋಗುತ್ತಿದ್ದರು. ಗುರು ಬೇಕೆಂದು ಹನ್ನೊಂದನೇ ವಯಸ್ಸಿಗೆ ಗದಗಿನ ಮನೆ ಬಿಟ್ಟು ಓಡಿದ್ದ ಭೀಮಸೇನ ಜೋಶಿ ಊರೂರು ಅಲೆದು ಕೊನೆಗೆ ನಿಂತದ್ದೂ ಇವರ ಮನೆಯಲ್ಲೇ. ಗುರು ತೀರಿಕೊಂಡ ಮರುವರ್ಷ, 1953ರಲ್ಲಿ, ಅವರ ಹೆಸರಿನ ಸಂಗೀತೋತ್ಸವ ಪುಣೆಯಲ್ಲಿ ಶುರುವಾಯಿತು. ಅದನ್ನು ದಶಕಗಳ ಕಾಲ ಹೆಗಲ ಮೇಲೆ ಹೊತ್ತು ನಡೆಸಿದವರು ಜೋಶಿಯವರು.

● 1972ರವರೆಗೆ ಅಮೆರಿಕದಲ್ಲಿ ಸಂಶೋಧನೆ ಮಾಡಿ ವಿಜ್ಞಾನದ ನೊಬೆಲ್ ಪಡೆದ 92 ಮಂದಿಯಲ್ಲಿ 48 ಜನ ಅದಕ್ಕೆ ಮೊದಲು ಇನ್ನೊಬ್ಬ ನೊಬೆಲ್ ವಿಜೇತರ ಕೈಕೆಳಗೆ ಕಲಿತವರು ಅಥವಾ ದುಡಿದವರು. ಲೆಕ್ಕ ಹಾಕಿದವರು ಸಮಾಜಶಾಸ್ತ್ರಜ್ಞೆ ಹ್ಯಾರಿಯೆಟ್ ಜುಕರ್‌ಮನ್.

● ಮೇಷ್ಟ್ರ ಪ್ರಭಾವವನ್ನು ಇನ್‌ಕಮ್ ಟ್ಯಾಕ್ಸ್ ಕಡತದಲ್ಲಿ ಹುಡುಕಿದವರೂ ಇದ್ದಾರೆ! ದೆಹಲಿಯಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ರಾಜ್ ಚೆಟ್ಟಿ ಮತ್ತು ಜೊತೆಗಾರರು ಅಮೆರಿಕದ ಸುಮಾರು 25 ಲಕ್ಷ ಮಕ್ಕಳ ಶಾಲಾ ದಾಖಲೆಗಳನ್ನು ಮುಂದೆ ಅವರು ಕಟ್ಟಿದ ತೆರಿಗೆಯ ಜೊತೆ ತಾಳೆ ನೋಡಿದರು. ಮಕ್ಕಳ ಅಂಕ ಏರಿಸಬಲ್ಲ ಶಿಕ್ಷಕರ ತರಗತಿಯಲ್ಲಿ ಕೂತಿದ್ದವರು ಕಾಲೇಜಿಗೆ ಹೋದದ್ದೂ ಹೆಚ್ಚು, ಸಂಪಾದಿಸಿದ್ದೂ ಹೆಚ್ಚು. ಅಂದಮೇಲೆ ಅಂಕವೇ ಎಲ್ಲ ಎನ್ನಬೇಡಿ. ನಾರ್ತ್ ಕೆರೊಲಿನಾದ ಒಂಬತ್ತನೇ ತರಗತಿಯವರ ಬಗ್ಗೆ ಕಿರಾಬೊ ಜಾಕ್ಸನ್ 2018ರಲ್ಲಿ ಪ್ರಕಟಿಸಿದ ಅಧ್ಯಯನ ಇನ್ನೊಂದು ಮುಖ ತೋರಿಸಿತು. ಹುಡುಗ ಶಾಲೆ ತಪ್ಪಿಸದಂತೆ, ಸಸ್ಪೆಂಡ್ ಆಗದಂತೆ ನೋಡಿಕೊಳ್ಳುವ ಶಿಕ್ಷಕರಿಂದ ಹೈಸ್ಕೂಲು ಮುಗಿಸುವವರ ಸಂಖ್ಯೆ ಹೆಚ್ಚುತ್ತದೆ. ಬರೀ ಪರೀಕ್ಷೆಯ ಅಂಕ ಏರಿಸುವವರಿಂದ ಅಷ್ಟು ಹೆಚ್ಚುವುದಿಲ್ಲ. ಎರಡೂ ಗುಣ ಒಬ್ಬರಲ್ಲೇ ಇರಬೇಕೆಂದೇನಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಶೇಕಡಾವಾರು ಹಿಡಿದು ಮೇಷ್ಟ್ರನ್ನು ಅಳೆಯುವ ಇಲಾಖೆಯ ಸಾಹೇಬರು ಇದನ್ನೊಮ್ಮೆ ಓದಬಹುದು.

● ಪುಣೆಯಲ್ಲಿ 1848ರಲ್ಲಿ ಹೆಣ್ಣುಮಕ್ಕಳ ಶಾಲೆ ಶುರುವಾದ ಕಾಲಕ್ಕೆ ಸಾವಿತ್ರಿಬಾಯಿ ಫುಲೆ ಚೀಲದಲ್ಲಿ ಇನ್ನೊಂದು ಸೀರೆ ಇಟ್ಟುಕೊಂಡು ಹೋಗುತ್ತಿದ್ದರು, ದಾರಿಯಲ್ಲಿ ಜನ ಸಗಣಿ ಎರಚುತ್ತಿದ್ದರಲ್ಲ, ಅದಕ್ಕೆ. ಏಳು ವರ್ಷ ಕಳೆಯುವುದರೊಳಗೆ, 1855ರಲ್ಲಿ, ಫುಲೆ ದಂಪತಿಯ ಶಾಲೆಯ ಮುಕ್ತಾಬಾಯಿ ಎಂಬ ಹದಿನಾಲ್ಕರ ಮಾಂಗ್ ಜಾತಿಯ ಹುಡುಗಿ ತನ್ನವರ ಪಾಡಿನ ಬಗ್ಗೆ ಬರೆದ ಪ್ರಬಂಧ ‘ಜ್ಞಾನೋದಯ’ ಪತ್ರಿಕೆಯಲ್ಲಿ ಅಚ್ಚಾಯಿತು. ಸಗಣಿ ಎರಚಿದವರ ಹೆಸರು ಯಾರಿಗೂ ನೆನಪಿಲ್ಲ.

● ಹತ್ತು ಲಕ್ಷ ಡಾಲರಿನ ಜಾಗತಿಕ ಶಿಕ್ಷಕ ಪ್ರಶಸ್ತಿ 2020ರಲ್ಲಿ ಬಂದದ್ದು ಸೊಲ್ಲಾಪುರ ಜಿಲ್ಲೆಯ ಪರಿತೆವಾಡಿಯ ರಣಜಿತ್‌ಸಿಂಹ ದಿಸಳೆ ಅವರಿಗೆ. ಇದರಲ್ಲಿ ನಮಗೇನು ಎನ್ನುವಿರಾ? ಆ ಊರಿನ ಮಕ್ಕಳ ಮನೆಮಾತು ಕನ್ನಡ. ಕೈಗೆ ಸಿಗುತ್ತಿದ್ದ ಪುಸ್ತಕ ಬೇರೆ ಭಾಷೆಯದು. ಮೇಷ್ಟ್ರು ತಾವೇ ಕನ್ನಡ ಕಲಿತು ಪಠ್ಯವನ್ನು ಮಕ್ಕಳ ಭಾಷೆಗೆ ತಂದರು, ಪುಟಗಳಿಗೆ ಕ್ಯೂಆರ್ ಕೋಡ್ ಅಂಟಿಸಿದರು. ಪ್ರಶಸ್ತಿ ಹಣದಲ್ಲಿ ಅರ್ಧವನ್ನು ಕೊನೆಯ ಸುತ್ತಿಗೆ ಬಂದಿದ್ದ ಉಳಿದ ಒಂಬತ್ತು ಶಿಕ್ಷಕರಿಗೆ ಹಂಚಿಬಿಟ್ಟರು. ಗಡಿ ಶಾಲೆಗಳ ಬಗ್ಗೆ ಭಾಷಣ ಬಿಗಿಯುವ ಎರಡೂ ಕಡೆಯವರಿಗೆ ಇದು ತಿಳಿದಿರಲಿ.

● ಎ.ಪಿ.ಜೆ. ಅಬ್ದುಲ್ ಕಲಾಂ ಅವರಿಗೆ ಹಾರಾಟದ ಹುಚ್ಚು ಹಿಡಿಸಿದ್ದು ರಾಮೇಶ್ವರದ ಪ್ರೈಮರಿ ಶಾಲೆಯ ಶಿವಸುಬ್ರಹ್ಮಣ್ಯ ಅಯ್ಯರ್. ಹಕ್ಕಿ ಹೇಗೆ ಹಾರುತ್ತದೆಂಬ ಪಾಠ ಬೋರ್ಡಿನ ಮೇಲೆ ಮಕ್ಕಳಿಗೆ ಅರ್ಥವಾಗದಿದ್ದಾಗ ಎಲ್ಲರನ್ನೂ ಕಡಲ ದಂಡೆಗೆ ಕರೆದುಕೊಂಡು ಹೋಗಿ ನಿಜವಾದ ಹಕ್ಕಿ ತೋರಿಸಿದವರು ಅವರು. ಕಲಾಂ ಕುಸಿದುಬಿದ್ದದ್ದು 2015ರ ಜುಲೈ 27ರಂದು, ಶಿಲ್ಲಾಂಗ್‌ನಲ್ಲಿ ವಿದ್ಯಾರ್ಥಿಗಳ ಮುಂದೆ ಮಾತಾಡುತ್ತಿದ್ದಾಗ.

● ಎಲ್ಲ ಮೇಷ್ಟ್ರೂ ಬೆನ್ನು ತಟ್ಟುವವರೇ ಆಗಿರುವುದಿಲ್ಲ. ಇಂಗ್ಲೆಂಡಿನ ಈಟನ್ ಶಾಲೆಯಲ್ಲಿ ಜಾನ್ ಗರ್ಡನ್ ಎಂಬ ಹುಡುಗ ಜೀವಶಾಸ್ತ್ರದಲ್ಲಿ 250 ಮಂದಿಗೆ ಕೊನೆಯವನು. ಇವನು ವಿಜ್ಞಾನಿಯಾಗುವ ಆಸೆ ಇಟ್ಟುಕೊಂಡಿರುವುದೇ ಹಾಸ್ಯಾಸ್ಪದ, ಕಲಿಸುವವರಿಗೂ ದಂಡ ಎಂಬ ಅರ್ಥದಲ್ಲಿ ಮೇಷ್ಟ್ರು 1949ರ ರಿಪೋರ್ಟಿನಲ್ಲಿ ಬರೆದರು. ಮುಂದೆ ಕಪ್ಪೆಯ ಕರುಳಿನ ಜೀವಕೋಶದ ಬೀಜಕೇಂದ್ರದಿಂದ ಹೊಸ ಕಪ್ಪೆಯನ್ನೇ ಬೆಳೆಸಿ ತೋರಿಸಿದ ಗರ್ಡನ್‌ಗೆ 2012ರಲ್ಲಿ ನೊಬೆಲ್ ಬಂತು. ಆ ರಿಪೋರ್ಟಿಗೆ ಅವರು ಚೌಕಟ್ಟು ಹಾಕಿಸಿ ತಮ್ಮ ಮೇಜಿನ ಬಳಿಯೇ ಇಟ್ಟುಕೊಂಡಿದ್ದರು. ಪ್ರಯೋಗ ಕೈಕೊಟ್ಟಾಗಲೆಲ್ಲ, ಬಹುಶಃ ಆ ಮೇಷ್ಟ್ರು ಹೇಳಿದ್ದೇ ಸರಿಯೇನೋ ಅಂದುಕೊಳ್ಳಲು ಅನುಕೂಲವಾಗುತ್ತದೆ ಎಂಬುದು ಅವರು ಕೊಟ್ಟ ಕಾರಣ.