ವಿಮಾನಕ್ಕೆ ಹಾರಲು ಅಪ್ಪಣೆ ಕೊಡುವವರು

ವಿಮಾನ ನಡೆಸುವವರನ್ನು ಎಲ್ಲರೂ ಬಲ್ಲರು. ಅವರ ಉಡುಪೇನು, ತೋಳಿನ ಮೇಲಣ ಹೊನ್ನಿನ ಪಟ್ಟಿಯೇನು, ಅದನ್ನು ಕಂಡ ಮಕ್ಕಳು ತಾವೂ ಮುಂದೆ ಹಾಗೆಯೇ ಆಗಬೇಕೆಂದು ಹಂಬಲಿಸುವುದುಂಟು. ಆದರೆ ಇಪ್ಪತ್ತು ವರ್ಷಗಳ ಅನುಭವವುಳ್ಳ ವೈಮಾನಿಕರೇ ಆಗಲಿ, ದುರಸ್ತಿಗೋ ತಪಾಸಣೆಗೋ ಒಳಗಾದ ವಿಮಾನವನ್ನು ತಮ್ಮ ಇಷ್ಟದಂತೆ ಮೇಲಕ್ಕೇರಿಸುವಂತಿಲ್ಲ. ನೆಲದ ಮೇಲೆ ನಿಂತ ಇನ್ನೊಬ್ಬರು, ಕೈಗೆ ಎಣ್ಣೆ ಮೆತ್ತಿಕೊಂಡವರು, ಕೆಲಸವು ನಿಯಮಾನುಸಾರ ನಡೆದಿದೆ, ವಿಮಾನವು ಸೇವೆಗೆ ಯೋಗ್ಯವಾಗಿದೆ ಎಂದು ಬರೆದುಕೊಟ್ಟು ರುಜು ಹಾಕಬೇಕು. ಆ ರುಜುವಿಗೆ ಕಾನೂನಿನ ಬಲವುಂಟು. ಹಾಕಿದವರನ್ನು ಅದು ಹೆಸರು ಹಿಡಿದು ಹೊಣೆ ಮಾಡುತ್ತದೆ. ಇಂಥ ರುಜು ಹಾಕುವ ಅಧಿಕಾರವನ್ನು ಪಡೆದವರೇ ವಿಮಾನ ನಿರ್ವಹಣ ಇಂಜಿನಿಯರು.

ಈ ವೃತ್ತಿಯು ವಿಮಾನದಷ್ಟೇ ಹಳೆಯದು. 1903ರ ಡಿಸೆಂಬರಿನಲ್ಲಿ ರೈಟ್ ಸಹೋದರರು ಹಾರಿಸಿದ ವಿಮಾನದ ಎಂಜಿನನ್ನು ಸುಮಾರು ಆರು ವಾರಗಳಲ್ಲಿ ಮಾಡಿಕೊಟ್ಟವನು ಅವರ ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ ಚಾರ್ಲಿ ಟೇಲರ್ ಎಂಬ ಕುಶಲಕರ್ಮಿ. ಹನ್ನೆರಡು ಅಶ್ವಶಕ್ತಿಯ ಆ ಎಂಜಿನು ಇಲ್ಲದಿದ್ದರೆ ಸಹೋದರರ ಲೆಕ್ಕಾಚಾರವೆಲ್ಲವೂ ಕಾಗದದಲ್ಲೇ ಉಳಿಯುತ್ತಿತ್ತು. ನಮ್ಮ ಬೆಂಗಳೂರಿಗೂ ಈ ಕೆಲಸ ಹೊಸತಲ್ಲ. ವಾಲಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನೊಡನೆ 1940ರಲ್ಲಿ ಸ್ಥಾಪಿಸಿದ ಹಿಂದುಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯು ಎರಡನೆಯ ಮಹಾಯುದ್ಧದ ಕಾಲದಲ್ಲಿ ಬಹುಮಟ್ಟಿಗೆ ದುಡಿದದ್ದು ಅಮೆರಿಕದ ಯುದ್ಧವಿಮಾನಗಳನ್ನು ಬಿಚ್ಚಿ ದುರಸ್ತಿ ಮಾಡುವುದರಲ್ಲಿಯೇ.

ವಿಮಾನಕ್ಕೆ ಇಷ್ಟೊಂದು ಉಪಚಾರವೇಕೆ? ಬಸ್ಸಿನಂತೆ ಓಡಿಸುತ್ತಿದ್ದು, ಕೆಟ್ಟಾಗ ರಿಪೇರಿ ಮಾಡಿದರೆ ಸಾಲದೆ? ಸಾಲದು. ಬಸ್ಸು ಕೆಟ್ಟರೆ ದಾರಿಯ ಬದಿಗೆ ನಿಲ್ಲುತ್ತದೆ, ವಿಮಾನಕ್ಕೆ ಆ ಅನುಕೂಲವಿಲ್ಲ. ಅದಕ್ಕಿಂತಲೂ ಸೂಕ್ಷ್ಮವಾದ ಕಾರಣವೊಂದು ಗಾಳಿಯ ಒತ್ತಡಕ್ಕೆ ಸಂಬಂಧಿಸಿದೆ. ಸಮುದ್ರ ಮಟ್ಟದಲ್ಲಿ ಗಾಳಿಯು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು ಒಂದು ಕಿಲೋಗ್ರಾಂ ತೂಕದಷ್ಟು ಒತ್ತುತ್ತದೆ. 35,000 ಅಡಿ ಎತ್ತರದಲ್ಲಿ ಈ ಒತ್ತಡವು ಅದರ ಕಾಲುಭಾಗಕ್ಕೆ ಇಳಿದಿರುತ್ತದೆ. ಅಲ್ಲಿ ಮನುಷ್ಯನು ಉಸಿರಾಡಿ ಬದುಕಲಾರನು. ಆದುದರಿಂದ ವಿಮಾನದ ಒಳಗೆ ಗಾಳಿಯನ್ನು ತುಂಬಿ, ಒತ್ತಡವನ್ನು ನೆಲದ ಮೇಲಿನದರ ಮುಕ್ಕಾಲು ಭಾಗದಷ್ಟಾದರೂ ಇರುವಂತೆ ಕಾಪಾಡುತ್ತಾರೆ. ಒಳಗೆ ಮುಕ್ಕಾಲು, ಹೊರಗೆ ಕಾಲು. ವ್ಯತ್ಯಾಸ ಅರ್ಧ ಕಿಲೋಗ್ರಾಂ. ಇದು ಅಲ್ಪವೆಂದು ತೋರಬಹುದು. ಆದರೆ ಒಂದು ಚದರ ಮೀಟರಿನಲ್ಲಿ ಹತ್ತು ಸಾವಿರ ಚದರ ಸೆಂಟಿಮೀಟರುಗಳಿವೆಯಷ್ಟೆ. ಅಂದರೆ ವಿಮಾನದ ಗೋಡೆಯ ಒಂದೊಂದು ಚದರ ಮೀಟರನ್ನೂ ಐದು ಟನ್ನುಗಳ ಬಲವು ಒಳಗಿನಿಂದ ಹೊರಕ್ಕೆ ನೂಕುತ್ತಿರುತ್ತದೆ! ಆ ಗೋಡೆಯೋ, ಒಂದೆರಡು ಮಿಲಿಮೀಟರು ದಪ್ಪದ ಲೋಹದ ತಗಡು.

ಏರುವಾಗ ವಿಮಾನದ ಒಡಲು ಬೆಲೂನಿನಂತೆ ಕೂದಲೆಳೆಯಷ್ಟು ಉಬ್ಬುತ್ತದೆ, ಇಳಿದಾಗ ಕುಗ್ಗುತ್ತದೆ. ತಂತಿಯನ್ನು ಒಮ್ಮೆ ಬಗ್ಗಿಸಿದರೆ ಮುರಿಯುವುದಿಲ್ಲ; ಅದೇ ಜಾಗದಲ್ಲಿ ಮತ್ತೆ ಮತ್ತೆ ಬಗ್ಗಿಸಿದರೆ ಮುರಿಯುತ್ತದೆ. ಇದೇ ಲೋಹದ ದಣಿವು. ಬ್ರಿಟನ್ನಿನ ಕಾಮೆಟ್ ಎಂಬ ಜೆಟ್ ವಿಮಾನಗಳೆರಡು 1954ರ ಜನವರಿಯಲ್ಲಿಯೂ ಏಪ್ರಿಲಿನಲ್ಲಿಯೂ ಇಟಲಿಯ ಬಳಿ ಆಕಾಶದಲ್ಲಿಯೇ ಒಡೆದು ಸಮುದ್ರಕ್ಕೆ ಬಿದ್ದಾಗ, ಫಾರ್ನ್‌ಬರೋ ಸಂಶೋಧನಾಲಯದವರು ಅಂಥದೇ ವಿಮಾನವೊಂದರ ಒಡಲನ್ನು ನೀರಿನ ತೊಟ್ಟಿಯಲ್ಲಿಟ್ಟು, ಒಳಗಿನ ಒತ್ತಡವನ್ನು ಏರಿಸಿ ಇಳಿಸಿ, ವರ್ಷಗಳ ಹಾರಾಟವನ್ನು ಕೆಲವೇ ವಾರಗಳಲ್ಲಿ ಅನುಕರಿಸಿದರು. ಕೊನೆಗೆ ಒಡಲು ಸೀಳಿತು. ದಣಿವು ಎಂಬುದು ಗಂಟೆಗಳಿಗಿಂತ ಹೆಚ್ಚಾಗಿ ಏರಿಳಿತಗಳ ಲೆಕ್ಕವೆಂಬುದನ್ನು ಎಲ್ಲರೂ ಮನಗಂಡರು.

ಈ ಲೆಕ್ಕದ ಬೆಲೆ ಏನೆಂಬುದು ಹವಾಯಿ ದ್ವೀಪಗಳಲ್ಲಿ 1988ರ ಏಪ್ರಿಲ್ 28ರಂದು ಮತ್ತೊಮ್ಮೆ ತಿಳಿದುಬಂದಿತು. ಅಲೋಹಾ ಕಂಪನಿಯ ಬೋಯಿಂಗ್ 737 ವಿಮಾನದ ಮೇಲ್ಛಾವಣಿಯು 24,000 ಅಡಿ ಎತ್ತರದಲ್ಲಿ ಸುಮಾರು ಹದಿನೆಂಟು ಅಡಿಯಷ್ಟು ಉದ್ದಕ್ಕೆ ಕಿತ್ತುಹೋಯಿತು. ಪರಿಚಾರಿಕೆಯೊಬ್ಬಳು ಗಾಳಿಗೆ ಸಿಕ್ಕಿ ಪ್ರಾಣ ಕಳೆದುಕೊಂಡಳು. ಉಳಿದವರೆಲ್ಲರೂ, ಛಾವಣಿಯಿಲ್ಲದ ವಿಮಾನದಲ್ಲಿ, ಬದುಕಿ ನೆಲಕ್ಕಿಳಿದರು. ಆ ವಿಮಾನ ಹಾರಿದ್ದು 35,496 ಗಂಟೆಗಳು, ಏರಿಳಿದದ್ದು 89,680 ಸಲ. ಭಾಗಿಸಿ ನೋಡಿದರೆ ಒಂದೊಂದು ಪ್ರಯಾಣಕ್ಕೂ ಇಪ್ಪತ್ತನಾಲ್ಕು ನಿಮಿಷ ಸಹ ಬರುವುದಿಲ್ಲ. ದ್ವೀಪದಿಂದ ದ್ವೀಪಕ್ಕೆ ಹಾರುತ್ತಿದ್ದ ಅದರ ತಗಡುಗಳ ಕೂಡುಗೆಯನ್ನು ಸಮುದ್ರದ ಉಪ್ಪುಗಾಳಿ ಬೇರೆ ತಿಂದಿತ್ತು. ವಿಮಾನವನ್ನು ಹತ್ತುವಾಗಲೇ ಪ್ರಯಾಣಿಕಳೊಬ್ಬಳು ಬಾಗಿಲ ಬಳಿ ಬಿರುಕೊಂದನ್ನು ಕಂಡಿದ್ದಳಂತೆ; ಯಾರಿಗೂ ಹೇಳಲಿಲ್ಲ. ತಪಾಸಣೆ ಮಾಡಿದವರ ಕಣ್ಣಿಗೆ ಮಾತ್ರ ಅದು ಬಿದ್ದಿರಲಿಲ್ಲ.

ಬಿರುಕನ್ನು ಹುಡುಕುವುದು ಈ ಇಂಜಿನಿಯರರ ಕೆಲಸದಲ್ಲಿ ಬಹು ದೊಡ್ಡ ಪಾಲು. ಕೈದೀಪ, ಕನ್ನಡಿ, ಭೂತಗನ್ನಡಿಗಳು ಇಂದಿಗೂ ಮೊದಲನೆಯ ಆಯುಧಗಳು. ಕಣ್ಣಿಗೆ ಕಾಣದ್ದಕ್ಕೆ ಭೌತವಿಜ್ಞಾನದ ನೆರವು ಬೇಕು. ಬಣ್ಣದ ದ್ರವವನ್ನು ಸವರಿ ಒರೆಸಿ, ಬಿರುಕಿನಲ್ಲಿ ಉಳಿದುಕೊಂಡದ್ದು ಮೇಲೆ ಒಸರುವುದನ್ನು ನೋಡುವುದುಂಟು, ಕಿವಿಗೆ ಕೇಳಿಸದ ಧ್ವನಿಯ ಪ್ರತಿಧ್ವನಿಯನ್ನು ಹಿಡಿಯುವುದುಂಟು, ಕ್ಷಕಿರಣವೂ ಉಂಟು. ಇವುಗಳಲ್ಲೆಲ್ಲ ನನಗೆ ಅತ್ಯಂತ ಸೊಗಸಾಗಿ ಕಾಣುವುದು ಸುಳಿವಿದ್ಯುತ್ತಿನ ವಿಧಾನ. ತಂತಿಯ ಸಣ್ಣ ಸುರುಳಿಯಲ್ಲಿ ಪರ್ಯಾಯ ವಿದ್ಯುತ್ತನ್ನು ಹರಿಸಿ ಅಲ್ಯೂಮಿನಿಯಂ ತಗಡಿನ ಸಮೀಪಕ್ಕೆ ತಂದರೆ, ಫ್ಯಾರಡೆಯ ನಿಯಮದಂತೆ ತಗಡಿನಲ್ಲಿಯೂ ವಿದ್ಯುತ್ತು ಹೊಳೆಯ ಸುಳಿಯ ಹಾಗೆ ಸುತ್ತತೊಡಗುತ್ತದೆ. ದಾರಿಯಲ್ಲಿ ಬಿರುಕು ಅಡ್ಡ ಬಂದರೆ ಸುಳಿಯು ಬಳಸಿ ಹೋಗಬೇಕಾಗುತ್ತದೆ. ಆ ತೊಡಕು ಸುರುಳಿಯ ವಿದ್ಯುತ್ತಿನಲ್ಲಿ ಪ್ರತಿಫಲಿಸಿ, ಪರದೆಯ ಮೇಲಿನ ಬೆಳಕಿನ ಚುಕ್ಕೆ ತಟ್ಟನೆ ಜಿಗಿಯುತ್ತದೆ. ಬಣ್ಣದ ಕೆಳಗೆ ಅಡಗಿದ ಬಿರುಕು ಹೀಗೆ ಸಿಕ್ಕಿಬೀಳುತ್ತದೆ. ಕಾಲೇಜಿನಲ್ಲಿ ಪರೀಕ್ಷೆಗೆಂದು ಬಾಯಿಪಾಠ ಮಾಡುವ ಫ್ಯಾರಡೆಯ ನಿಯಮ ಪ್ರಾಣ ಉಳಿಸುವುದನ್ನು ನೋಡಬೇಕಾದರೆ ವಿಮಾನದ ಹ್ಯಾಂಗರಿಗೆ ಹೋಗಬೇಕು.

ಇನ್ನು ಬೋಲ್ಟಿನ ವಿಷಯ. ಬೋಲ್ಟು ಎಂದರೆ ಬಹು ಗಡಸಾದ ಒಂದು ಸ್ಪ್ರಿಂಗು ಎಂದು ವಾಚಕರು ಭಾವಿಸಬಹುದು. ಬಿಗಿದಾಗ ಅದು ಅತ್ಯಲ್ಪವಾಗಿ ಹಿಗ್ಗುತ್ತದೆ. ಮತ್ತೆ ಕುಗ್ಗಲು ಯತ್ನಿಸುವ ಆ ಬಲವೇ ಎರಡು ಭಾಗಗಳನ್ನು ಅಪ್ಪಿ ಹಿಡಿಯುತ್ತದೆ. ಕಡಿಮೆ ಬಿಗಿದರೆ ಅದುರಿ ಸಡಿಲವಾಗುತ್ತದೆ, ಹೆಚ್ಚು ಬಿಗಿದರೆ ತುಂಡಾಗುತ್ತದೆ. ಆದುದರಿಂದ ಎಷ್ಟು ತಿರುಚುಬಲದಿಂದ ಬಿಗಿಯಬೇಕೆಂಬುದನ್ನು ಕೈಪಿಡಿಯಲ್ಲಿ ಬರೆದಿರುತ್ತಾರೆ. ಆ ಅಳತೆಯನ್ನು ಮುಟ್ಟಿದಾಗ 'ಟಕ್' ಎಂದು ಸದ್ದು ಮಾಡುವ ಉಪಕರಣಗಳೂ ಇವೆ.

ಆ 'ಟಕ್' ಎಂಬ ಸದ್ದೇ ಒಮ್ಮೆ ಮೋಸ ಮಾಡಿತು. 1990ರ ಜೂನ್ 10ರಂದು ಬ್ರಿಟಿಷ್ ಏರ್‌ವೇಸಿನ ವಿಮಾನವೊಂದು ಎಂಬತ್ತೊಂದು ಪ್ರಯಾಣಿಕರೊಡನೆ ಬರ್ಮಿಂಗ್‌ಹ್ಯಾಮಿನಿಂದ ಸ್ಪೇನಿಗೆ ಹೊರಟಿತು. 17,300 ಅಡಿ ಎತ್ತರದಲ್ಲಿ ಕ್ಯಾಪ್ಟನ್ನನ ಮುಂದಿನ ಗಾಜು ಇದ್ದಕ್ಕಿದ್ದಂತೆ ಹಾರಿಹೋಯಿತು. ಒಳಗಿನ ಗಾಳಿ ನುಗ್ಗಿ ಕ್ಯಾಪ್ಟನ್ನನ ಅರ್ಧ ದೇಹವನ್ನು ಹೊರಕ್ಕೆ ಎಳೆದೊಯ್ದಿತು. ಪರಿಚಾರಕರು ಕಾಲುಗಳನ್ನು ಹಿಡಿದುಕೊಂಡೇ ಇದ್ದರು. ಸಹ ವೈಮಾನಿಕನು ಸೌತಾಂಪ್ಟನ್ನಿನಲ್ಲಿ ವಿಮಾನವನ್ನು ಇಳಿಸಿದನು. ಸತ್ತೇಹೋದನೆಂದು ಎಲ್ಲರೂ ಭಾವಿಸಿದ್ದ ಕ್ಯಾಪ್ಟನ್ ಬದುಕಿಕೊಂಡನು!

ಆ ಗಾಜನ್ನು ಬದಲಾಯಿಸಿ ಇಪ್ಪತ್ತೇಳು ಗಂಟೆಗಳಷ್ಟೇ ಕಳೆದಿದ್ದವು. ರಾತ್ರಿ ಪಾಳಿಯಲ್ಲಿ ಜನ ಕಡಿಮೆಯಿದ್ದುದರಿಂದ ಪಾಳಿಯ ಮುಖ್ಯಸ್ಥನೇ ಆ ಕೆಲಸಕ್ಕೆ ಕೈಹಾಕಿದ್ದನು. ಹಳೆಯ ಬೋಲ್ಟುಗಳು ಹಾಳಾಗಿದ್ದುವು. ಭಾಗಗಳ ಪಟ್ಟಿಯನ್ನು ತೆರೆದು ನೋಡುವುದರ ಬದಲು ಹಳೆಯದೊಂದನ್ನು ಕೈಯಲ್ಲಿ ಹಿಡಿದು, ಮಂದ ಬೆಳಕಿನಲ್ಲಿ, ಅದಕ್ಕೆ ಹೋಲುವ ಹೊಸ ಬೋಲ್ಟುಗಳನ್ನು ಆರಿಸಿಕೊಂಡನು. ತೊಂಬತ್ತರಲ್ಲಿ ಎಂಬತ್ತನಾಲ್ಕು ಬೋಲ್ಟುಗಳ ವ್ಯಾಸ 0.66 ಮಿಲಿಮೀಟರಿನಷ್ಟು ಕಡಿಮೆ. ಮಿಕ್ಕ ಆರು ಉದ್ದದಲ್ಲಿ ಕಡಿಮೆ. ಎರಡು ಬಗೆಯ ಬೋಲ್ಟುಗಳಿಗೂ ಅಂಗುಲಕ್ಕೆ ಮೂವತ್ತೆರಡೇ ಸುತ್ತುಗಳಾದುದರಿಂದ ಸಣ್ಣದೂ ಒಳಹೊಕ್ಕು ತಿರುಗಿತು. ಸುತ್ತುಗಳು ಜಾರಿದ ಅನುಭವವೂ ಉಪಕರಣದ 'ಟಕ್' ಎಂಬ ಅನುಭವವೂ ಕೈಗೆ ಒಂದೇ ರೀತಿಯಾಗಿ ತೋರಿದುವು. ಇಷ್ಟೇ ಅಲ್ಲ. ಆ ಗಾಜನ್ನು ಹೊರಗಿನಿಂದ ಕೂರಿಸುವ ಏರ್ಪಾಡು. ಒಳಗಿನಿಂದ ಬೆಣೆಯಂತೆ ಕೂರಿಸಿದ್ದರೆ ಒಳಗಿನ ಒತ್ತಡವೇ ಅದನ್ನು ಚೌಕಟ್ಟಿಗೆ ಒತ್ತಿ ಹಿಡಿಯುತ್ತಿತ್ತು. ಹೊರಗಿನಿಂದ ಕೂರಿಸಿದ್ದರಿಂದ ಟನ್ನುಗಟ್ಟಲೆ ಬಲವೆಲ್ಲವೂ ಬೋಲ್ಟುಗಳ ಮೇಲೆಯೇ ಬಿದ್ದಿತು. ಎರಡನೆಯವರು ಬಂದು ಪರೀಕ್ಷಿಸಬೇಕಾದ ಕೆಲಸಗಳ ಪಟ್ಟಿಯಲ್ಲಿ ಆ ಗಾಜು ಸೇರಿರಲಿಲ್ಲವಾಗಿ, ಮಾಡಿದವನೇ ರುಜುವನ್ನೂ ಹಾಕಿದನು.

ಅವನು ಸೋಮಾರಿಯಾಗಿರಲಿಲ್ಲ, ಅನನುಭವಿಯೂ ಅಲ್ಲ. ಕೆಲಸ ಬಲ್ಲವನೆಂಬ ಧೈರ್ಯವೇ ಪುಸ್ತಕ ತೆರೆಯದಂತೆ ಮಾಡಿತೆಂದು ನನ್ನ ಅಭಿಪ್ರಾಯ. ನಿದ್ದೆಗೇಡು, ಅವಸರ, ಅಭ್ಯಾಸಬಲ ಇವು ಕೈಯನ್ನು ಹೇಗೆ ತಪ್ಪಿಸುತ್ತವೆ ಎಂಬುದನ್ನು 'ಮಾನವ ಅಂಶಗಳು' ಎಂಬ ಹೆಸರಿನಲ್ಲಿ ಇಂದು ಒಂದು ಪಾಠವಿಷಯವನ್ನಾಗಿಯೇ ಮಾಡಿ, ಲೈಸೆನ್ಸಿಗೆ ಕೂರುವವರೆಲ್ಲರೂ ಅದರಲ್ಲಿ ಉತ್ತೀರ್ಣರಾಗಬೇಕೆಂದು ವಿಧಿಸಿದ್ದಾರೆ.

ಈ ವೃತ್ತಿಗೆ ಸೇರುವುದು ಹೇಗೆಂದು ನಮ್ಮ ತರಗತಿಯ ಹುಡುಗರೂ ಹುಡುಗಿಯರೂ ಕೇಳುವುದುಂಟು. ಪದವಿಪೂರ್ವ ಶಿಕ್ಷಣದಲ್ಲಿ ಭೌತವಿಜ್ಞಾನ, ರಸಾಯನವಿಜ್ಞಾನ, ಗಣಿತಗಳನ್ನು ಓದಿ ತೇರ್ಗಡೆಯಾದವರು, ಅಥವಾ ಇಂಜಿನಿಯರಿಂಗ್ ಡಿಪ್ಲೊಮಾ ಪಡೆದವರು, ತರಬೇತಿ ಶಾಲೆಗೆ ಸೇರಬಹುದು. ಭಾರತದಲ್ಲಿ ಲೈಸೆನ್ಸು ಕೊಡುವ ಅಧಿಕಾರವಿರುವುದು ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯಕ್ಕೆ. ಇಲ್ಲಿ ತಂದೆತಾಯಿಗಳು ಎಚ್ಚರವಹಿಸಬೇಕಾದ ಮಾತೊಂದಿದೆ. ಶಾಲೆ ಕೊಡುವ ಸರ್ಟಿಫಿಕೇಟೇ ಬೇರೆ, ನಿರ್ದೇಶನಾಲಯ ಕೊಡುವ ಲೈಸೆನ್ಸೇ ಬೇರೆ. ಮೊದಲನೆಯದನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಬಹುದು. ವಿಮಾನಕ್ಕೆ ರುಜು ಹಾಕಲು ಎರಡನೆಯದೇ ಬೇಕು. ವಿಮಾನಶಾಸ್ತ್ರದಲ್ಲಿ ಬಿ.ಇ. ಪದವಿ ಪಡೆದವರಿಗೂ ಈ ಅಧಿಕಾರ ತಾನಾಗಿ ಬರುವುದಿಲ್ಲ. ಅವರ ವಿದ್ಯೆ ವಿಮಾನವನ್ನು ರೂಪಿಸುವುದಕ್ಕೆ ಸಂಬಂಧಿಸಿದ್ದು. ಆದುದರಿಂದ ಹಣ ಕಟ್ಟುವ ಮೊದಲು, ಶಾಲೆಗೆ ನಿರ್ದೇಶನಾಲಯದ ಮನ್ನಣೆ ಇದೆಯೆ, ಯಾವ ವರ್ಗಕ್ಕೆ ಇದೆ, ವಿಮಾನಗಳ ಮೇಲೆ ಕೈಯಾರೆ ಕೆಲಸ ಮಾಡುವ ಅವಕಾಶ ಎಲ್ಲಿ ದೊರೆಯುತ್ತದೆ ಎಂಬುದನ್ನು ವಿಚಾರಿಸುವುದು ಕ್ಷೇಮಕರ.

ವರ್ಗವೆಂದೆನಷ್ಟೆ. 'ಎ' ವರ್ಗದವರು ಚಕ್ರ ಬದಲಾಯಿಸುವಂಥ ಸಾಮಾನ್ಯ ಕೆಲಸಗಳನ್ನು ಮಾಡಿ ಅವಕ್ಕೆ ರುಜು ಹಾಕಬಲ್ಲರು. ಒಡಲು, ಎಂಜಿನು, ಯಾಂತ್ರಿಕ ಹಾಗೂ ವಿದ್ಯುತ್ ವ್ಯವಸ್ಥೆಗಳು 'ಬಿ-1' ವರ್ಗದವರಿಗೆ ಸೇರಿದ್ದು. ರೇಡಿಯೊ, ರೇಡಾರು, ದಿಕ್ಸೂಚಿ ಮುಂತಾದ ವಿದ್ಯುನ್ಮಾನ ಉಪಕರಣಗಳು 'ಬಿ-2' ವರ್ಗದವರಿಗೆ. ಹ್ಯಾಂಗರಿನಲ್ಲಿ ದೊಡ್ಡ ತಪಾಸಣೆ ಮುಗಿದ ಮೇಲೆ ಇಡೀ ವಿಮಾನಕ್ಕೆ ಅಪ್ಪಣೆ ಕೊಡುವವರು 'ಸಿ' ವರ್ಗದವರು. ಮನ್ನಣೆ ಪಡೆದ ಶಾಲೆಯಲ್ಲಿ ಜೆಟ್ ವಿಮಾನಗಳ 'ಬಿ-1' ಶಿಕ್ಷಣಕ್ಕೆ 2,400 ಗಂಟೆಗಳ ಅವಧಿ. ಅದರ ಮೇಲೆ ಎರಡು ವರ್ಷ ಹಾರುವ ವಿಮಾನಗಳ ಮೇಲೆ ದುಡಿದ ಅನುಭವ ಬೇಕು. ಪರೀಕ್ಷೆಗಳ ಮೊದಲೆರಡು ವಿಷಯಗಳು ಗಣಿತ ಮತ್ತು ಭೌತವಿಜ್ಞಾನ ಎಂಬುದನ್ನು ನಾನು ಸ್ವಲ್ಪ ಹೆಮ್ಮೆಯಿಂದಲೇ ಇಲ್ಲಿ ದಾಖಲಿಸುತ್ತೇನೆ.

ಕನ್ನಡ ಮಾಧ್ಯಮದಲ್ಲಿ ಓದಿದವರು ಇಂಗ್ಲಿಷಿಗೆ ಅಂಜಬೇಕಾಗಿಲ್ಲ. ವಿಮಾನದ ಕೈಪಿಡಿಗಳು ಇಂಗ್ಲಿಷಿನಲ್ಲಿರುವುದೇನೋ ನಿಜ. ಆದರೆ ಇಂಗ್ಲಿಷು ಮಾತೃಭಾಷೆಯಲ್ಲದವರಿಗೆಂದೇ ಸರಳಗೊಳಿಸಿದ ಇಂಗ್ಲಿಷೊಂದನ್ನು 1980ರ ದಶಕದಲ್ಲಿ ರೂಪಿಸಿದ್ದಾರೆ. ಅದರ ಸಾಮಾನ್ಯ ಪದಗಳು ಸುಮಾರು 900. ಒಂದು ಪದಕ್ಕೆ ಒಂದೇ ಅರ್ಥ. 'ಫಾಲೋ' ಎಂದರೆ ಹಿಂದೆ ಬರುವುದು ಎಂದಷ್ಟೇ. ನಿಯಮವನ್ನು ಪಾಲಿಸು ಎಂಬರ್ಥದಲ್ಲಿ ಅದನ್ನು ಬಳಸಕೂಡದು. ಷೇಕ್ಸ್‌ಪಿಯರನನ್ನು ಓದಲು ಬಾರದವರೂ ಅದನ್ನು ಓದಿ ಎಂಜಿನು ಬಿಚ್ಚಬಲ್ಲರು.

ಲೈಸೆನ್ಸು ಕೈಗೆ ಬಂದೊಡನೆ ಕಲಿಕೆ ಮುಗಿಯಿತೆನ್ನುವಂತಿಲ್ಲ. ದೊಡ್ಡ ವಿಮಾನಗಳಲ್ಲಿ ಒಂದೊಂದು ಜಾತಿಗೂ ಬೇರೆ ಬೇರೆಯಾಗಿ ತರಬೇತಿ ಪಡೆದು, ಅದನ್ನು ಲೈಸೆನ್ಸಿನಲ್ಲಿ ನಮೂದಿಸಿಕೊಳ್ಳಬೇಕು. ಏರ್‌ಬಸ್ 320ಕ್ಕೆ ರುಜು ಹಾಕುವವರು, ಪಕ್ಕದಲ್ಲಿಯೇ ನಿಂತಿರುವ ಬೋಯಿಂಗ್ 737ಕ್ಕೆ ಆ ತರಬೇತಿಯಿಲ್ಲದೆ ಹಾಕುವಂತಿಲ್ಲ. ಕೆಲಸದಿಂದ ಬಹುಕಾಲ ದೂರವಿದ್ದವರಿಗೂ ಅಧಿಕಾರ ನಿಲ್ಲುವುದಿಲ್ಲ: ಹಿಂದಿನ ಎರಡು ವರ್ಷಗಳಲ್ಲಿ ಆರು ತಿಂಗಳಾದರೂ ವಿಮಾನಗಳ ಮೇಲೆ ದುಡಿದಿರಬೇಕು. ಹಗಲೆಲ್ಲ ಹಾರುವ ವಿಮಾನಗಳು ಕೈಗೆ ಸಿಕ್ಕುವುದು ರಾತ್ರಿಯಲ್ಲಾದುದರಿಂದ, ಆ ದುಡಿಮೆಯಲ್ಲಿ ಹೆಚ್ಚಿನದು ನಡೆಯುವುದು ನಾವೆಲ್ಲರೂ ಮಲಗಿರುವ ಹೊತ್ತಿನಲ್ಲಿ.