ಸಾಕು ಹಾವು: ಬಣ್ಣ ನೋಡಿ ವಂಶ ಹೇಳಲಾಗದು

ನಾಯಿ, ಕುದುರೆ ಕೊಳ್ಳುವವರು ವಂಶಾವಳಿ ವಿಚಾರಿಸುವುದು ವಾಡಿಕೆ. ಅಮೆರಿಕ, ಯುರೋಪ್‌ಗಳಲ್ಲಿ ಹಾವು ಕೊಳ್ಳುವವರೂ ಅದನ್ನೇ ಕೇಳುತ್ತಾರೆ. ಉತ್ತರ ಮಾತ್ರ ಬಹುಪಾಲು ಮಾರುವವನ ಮಾತನ್ನೇ ಅವಲಂಬಿಸಿರುತ್ತದೆ. ಹಾವಿನ ಮೈಬಣ್ಣ ಈ ವಿಷಯದಲ್ಲಿ ನಂಬತಕ್ಕ ಸಾಕ್ಷಿಯಲ್ಲ.

ಅಮೆರಿಕದ ವಿಷರಹಿತ ಕಾರ್ನ್ ಸ್ನೇಕ್ ಇದಕ್ಕೆ ಒಳ್ಳೆಯ ನಿದರ್ಶನ. ಕಪ್ಪು ವರ್ಣದ್ರವ್ಯವಿಲ್ಲದ ಗಂಡು ಹಾವೊಂದು 1953ರಲ್ಲಿ ಉತ್ತರ ಕೆರೊಲಿನಾದಲ್ಲಿ ಸೆರೆಸಿಕ್ಕಿತು. ಚರ್ಮರೋಗ ತಜ್ಞ ಬರ್ನಾರ್ಡ್ ಬೆಕ್ಟೆಲ್ ಅದರ ಸಂತತಿ ಬೆಳೆಸಿ, ಈ ಗುಣ ಅಪ್ರಬಲ ವಂಶವಾಹಿಯಿಂದ ಬರುತ್ತದೆ ಎಂಬುದನ್ನು 1962ರಲ್ಲಿ ಪ್ರಕಟಿಸಿದರು. ಅಂದರೆ ತಂದೆ, ತಾಯಿ ಎರಡೂ ಕಡೆಯಿಂದ ಆ ವಂಶವಾಹಿ ಬಂದ ಮರಿ ಮಾತ್ರ ಆಲ್ಬಿನೊ ಆಗುತ್ತದೆ. ಒಂದೇ ಕಡೆಯಿಂದ ಬಂದರೆ ನೋಟಕ್ಕೆ ಅದು ಸಾಮಾನ್ಯ ಹಾವೇ. ಆದರೆ ಗುಣದ ವಾಹಕ. ಇಂತಹ ಎರಡು ವಾಹಕಗಳನ್ನು ಕೂಡಿಸಿದಾಗ ಸರಾಸರಿ ನಾಲ್ಕರಲ್ಲಿ ಒಂದು ಮರಿ ಆಲ್ಬಿನೊ. ಉಳಿದ ಮೂರರಲ್ಲಿ ಎರಡು ವಾಹಕಗಳು. ಅವು ಯಾವುವೆಂದು ಕಣ್ಣಿಗೆ ತಿಳಿಯದು. ಆದ್ದರಿಂದ ಆ ಮೂರಕ್ಕೂ ವ್ಯಾಪಾರಿಗಳು ‘ಶೇ 66’ ಎಂಬ ಚೀಟಿ ಹಚ್ಚುತ್ತಾರೆ. ಹೊಸಬರು ಅದನ್ನು ರಕ್ತಶುದ್ಧಿಯ ಪ್ರಮಾಣವೆಂದೇ ಭಾವಿಸಿ ಹೆಚ್ಚು ಬೆಲೆ ತೆರುವುದುಂಟು. ಅದು ಕೇವಲ ಸಂಭವದ ಲೆಕ್ಕ. ಮರಿ ವಾಹಕವಾಗಿರುತ್ತದೆ ಅಥವಾ ಆಗಿರುವುದಿಲ್ಲ. ಮೂರನೆಯ ಸ್ಥಿತಿ ಇಲ್ಲ.

ಬೆರಕೆಯ ಪ್ರಶ್ನೆ ಇನ್ನೂ ಜಟಿಲ. ಕಾರ್ನ್ ಸ್ನೇಕನ್ನು ಕ್ಯಾಲಿಫೋರ್ನಿಯಾ ಕಿಂಗ್ ಸ್ನೇಕ್ ಜತೆ ಕೂಡಿಸಿದ ‘ಜಂಗಲ್ ಕಾರ್ನ್’ ಮಾರುಕಟ್ಟೆಯಲ್ಲಿದೆ. ಇಂತಹ ಮಿಶ್ರತಳಿಗಳು ಸಂತಾನ ಪಡೆಯಬಲ್ಲವು. ಅವುಗಳ ಸಂತತಿಯನ್ನು ಮೂರು ತಲೆಮಾರು ಶುದ್ಧ ಕಾರ್ನ್ ಸ್ನೇಕ್‌ಗಳಿಗೇ ಕೂಡಿಸುತ್ತ ಹೋದರೆ ಹೊರಗಿನ ಪಾಲು ಸರಾಸರಿ ಹದಿನಾರರಲ್ಲಿ ಒಂದಕ್ಕೆ ಇಳಿಯುತ್ತದೆ. ಆಗ ನುರಿತವರೂ ಮೋಸಹೋಗಬಹುದು. ಕಳಚಿದ ಪೊರೆಯಿಂದ ವಂಶವಾಹಿ ಪರೀಕ್ಷಿಸುವ ಪ್ರಯೋಗಾಲಯಗಳು ಅಮೆರಿಕದಲ್ಲಿವೆ. ಆದರೆ ನಿರ್ದಿಷ್ಟ ಬಣ್ಣದ ವಂಶವಾಹಿ ಇದೆಯೇ ಎಂದು ಹೇಳುವ ಪರೀಕ್ಷೆ ಇಡೀ ವಂಶಾವಳಿಯನ್ನು ಹೇಳದು. ತಲೆಮಾರುಗಳ ಬರಹದ ದಾಖಲೆ ಇಟ್ಟ ತಳಿಗಾರನೇ ವಾಸಿ.

ಬೆರಕೆಯಿಲ್ಲ ಎಂದಮಾತ್ರಕ್ಕೆ ಹಾವು ಆರೋಗ್ಯವಾಗಿದೆ ಎಂದೂ ಅಲ್ಲ. ಆಫ್ರಿಕಾ ಮೂಲದ ಬಾಲ್ ಪೈಥಾನ್‌ನಲ್ಲಿ ‘ಸ್ಪೈಡರ್’ ಎಂಬ ಜನಪ್ರಿಯ ವಿನ್ಯಾಸವಿದೆ. ಅದರಲ್ಲಿ ಅನ್ಯ ಜಾತಿಯ ಪಾಲಿಲ್ಲ. ಆದರೂ ಈ ಹಾವುಗಳ ತಲೆ ಓಲಾಡುತ್ತದೆ, ಸಮತೋಲ ತಪ್ಪುತ್ತದೆ. ಅವುಗಳ ಒಳಕಿವಿಯ ರಚನೆಯೇ ವಿಕಾರಗೊಂಡಿರುವುದನ್ನು 2022ರ ಅಧ್ಯಯನವೊಂದು ತೋರಿಸಿತು. ಅಂದದ ವಿನ್ಯಾಸಕ್ಕಾಗಿ ಗೊತ್ತಿದ್ದೂ ಇದನ್ನು ಬೆಳೆಸುವುದು ಕ್ರೌರ್ಯವೇ ಸರಿ.

ಬೆಂಗಳೂರಿಗೂ ಬಾಲ್ ಪೈಥಾನ್ ಹೊಸದಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಬ್ಯಾಂಕಾಕ್‌ನಿಂದ ಕೆಂಪೇಗೌಡ ವಿಮಾನ ನಿಲ್ದಾಣಕ್ಕೆ ಬಂದ ಸಾಮಾನಿನಲ್ಲಿ ಬಗೆಬಗೆಯ ಬಣ್ಣದ 55 ಬಾಲ್ ಪೈಥಾನ್‌ಗಳು ಪತ್ತೆಯಾಗಿದ್ದವು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ 2022ರ ತಿದ್ದುಪಡಿಯಂತೆ ಇಂತಹ ವಿದೇಶಿ ಪ್ರಾಣಿಗಳನ್ನು ಇಟ್ಟುಕೊಂಡವರು ನೋಂದಾಯಿಸಬೇಕು, ಹುಟ್ಟಿದ ಮರಿಗಳ ಮಾಹಿತಿಯನ್ನೂ ಸಲ್ಲಿಸಬೇಕು. ಕಳ್ಳದಾರಿಯಲ್ಲಿ ಬಂದ ಹಾವಿನ ತಂದೆ, ತಾಯಿ ಯಾರೆಂದು ಹೇಳುವ ಕಾಗದ ಮಾತ್ರ ಎಲ್ಲಿಯೂ ಇರುವುದಿಲ್ಲ.